ಈಶಾನ್ಯದ ಮೂಲೆಯ ಅಮ್ಮ

ಜಾಗ ಮಾರುವವರು ನಮ್ಮ ಮುಂದೆ ಇಟ್ಟ ಷರತ್ತು ಒಂದೇ. "ಆ ಮೂಲೇಲಿ ಅಮ್ಮ ಇದ್ದಾಳೆ ಸಾರ್. ಅವಳನ್ನ ಚೆನ್ನಾಗಿ ನೋಡ್ಕೊಂಡ್ರೆ ಸಾಕು. ಇನ್ನೇನೂ ತಕರಾರಿಲ್ಲ."

ಅವರು ಹಾಗೆ ಹೇಳಿದಾಗ ನಾವು ಮೂವರೂ ಅಲ್ಲಿದ್ದೆವು. ನಾನು, ನನ್ನ ಗಂಡ, ನಮ್ಮ ಅತ್ತೆ. ಪಕ್ಕದ ಮನೆಗಳ ಮಹಡಿಗಳನ್ನು ದಾಟಿ ಬಿಸಿಲು ಇನ್ನೂ ಕೆಳಗೆ ಇಳಿದಿರಲಿಲ್ಲ. ಜರಗನಹಳ್ಳಿಯ ಹಳೆಯ ಊರಿನೊಳಗೆ, ಒಂದು ಆಟೋ ಬಂದರೆ ಇನ್ನೊಂದು ನಿಂತು ಕಾಯಬೇಕಾದ ಗಲ್ಲಿಯ ಕೊನೆಯಲ್ಲಿ, ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಜಾಗ. ಇಂಥದ್ದಕ್ಕೆ ಎಲ್ಲರೂ ಹಾಫ್ ಸೈಟ್ ಅನ್ನುತ್ತಾರೆ. ಅದರ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲು ನೆಟ್ಟಿದ್ದರು. ಕಲ್ಲಿಗೆ ಅರಿಸಿನ ಬಳಿದು ಕುಂಕುಮ ಇಟ್ಟಿತ್ತು. ಮುಂದೆ ಒಂದು ಹಣತೆ, ಒಣಗಿದ ಸೇವಂತಿಗೆ.

ಅತ್ತೆ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಸೂರ್ಯ ಯಾವ ಕಡೆ ಅಂತ ಒಮ್ಮೆ ನೋಡಿಕೊಂಡು, ಕೈ ಮುಗಿದು, ನನ್ನ ಕಡೆ ತಿರುಗಿದರು. "ಈಶಾನ್ಯ ಕಣೇ. ತಾಯಿ ಈಶಾನ್ಯದಲ್ಲೇ ಕೂತಿದ್ದಾಳೆ. ಇನ್ನೇನು ಬೇಕು?"

ಜಾಗದವರು ಅದನ್ನು ಕೇಳಿಸಿಕೊಂಡರು. ಐವತ್ತು ದಾಟಿದವರು, ಹೆಗಲ ಮೇಲೆ ಟವೆಲ್. ಮುಂದುಗಡೆಯ ಮನೆಯೂ ಅವರದೇ. ಅವರ ಮುಖ ಸಡಿಲವಾದದ್ದು ನನಗೆ ನೆನಪಿದೆ. "ನಿಮ್ಮಂಥೋರಿಗೇ ಕೊಡ್ಬೇಕು ಅಂತಿದ್ದೆ," ಅಂದರು.

ನಾವು ಆಗ ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆಗೆ ಇದ್ದೆವು. ನಾನು ಜಯನಗರ ನಾಲ್ಕನೇ ಬ್ಲಾಕಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಮುಂದಿನ ಮೇಜಿನಲ್ಲಿ ಕೂರುತ್ತೇನೆ. ಬಂದವರನ್ನು ಬರೆದುಕೊಳ್ಳುವುದು, ಫೋನ್ ತೆಗೆಯುವುದು. ನನ್ನ ಗಂಡ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಅವರಿಗೆ ಬೇಕಿದ್ದದ್ದು ವಾಸಕ್ಕೆ ಮನೆಯಲ್ಲ. ಇರುವ ಸ್ವಲ್ಪ ದುಡ್ಡನ್ನು ಬೆಳೆಯುವ ಕಡೆ ಇಡಬೇಕು, ಬಾಡಿಗೆ ಬರುವ ಹಾಗೆ ಏನಾದರೂ ಕಟ್ಟಬೇಕು, ಆ ಬಾಡಿಗೆ ಕೂಡಿಟ್ಟು ಇನ್ನೊಂದಕ್ಕೆ ಕೈ ಹಾಕಬೇಕು. ಒಂದು ವರ್ಷ ಅವರು ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಇದನ್ನೇ ಹೇಳಿಕೊಡುವ ವಿಡಿಯೋಗಳನ್ನು ಕೇಳುತ್ತಿದ್ದರು. ಫ್ಲ್ಯಾಟ್ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ದಾಟಿ, ಇನ್ನೂ ದಾಟಿ ಹೋದರೆ ಸಿಗುವ ಬಡಾವಣೆಗಳಲ್ಲಿ ಸೈಟಿನ ಗಡಿಕಲ್ಲು ನೆಟ್ಟಿದ್ದಾರೆಯೇ ಹೊರತು ಬಾಡಿಗೆಗೆ ಬರುವ ಜನ ಇಲ್ಲ. ಊರೊಳಗಿನ ಜಾಗಕ್ಕಾದರೆ ಬಿ ಖಾತೆ, ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಆದ್ದರಿಂದಲೇ ಬೆಲೆ ಕಡಿಮೆ. ಸಾಲ ಸಿಗದ ಜಾಗವನ್ನು ಕೈಯಲ್ಲಿರುವ ದುಡ್ಡು ಕೊಟ್ಟೇ ಕೊಳ್ಳಬೇಕು. ನಾವು ಹಾಗೇ ಕೊಂಡೆವು. ಅದರಾಚೆಗೆ ನಮ್ಮ ಹತ್ತಿರ ಕಟ್ಟಡಕ್ಕೆ ಬೇಕಾದಷ್ಟು ಬಿಟ್ಟು ಏನೂ ಇರಲಿಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜಾಗದವರ ತಂಗಿಯೂ ಸಹಿ ಹಾಕಲು ಬಂದಿದ್ದರು. ನನ್ನಷ್ಟೇ ವಯಸ್ಸು. ಬೆರಳಿನ ಗುರುತು ತೆಗೆದ ಮೇಲೆ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತರು.

"ಅಮ್ಮನ್ನ ನೋಡ್ಕೊತೀರಾ ಅಲ್ವಾ ಅಕ್ಕ?"

"ನಮ್ಮನೆ ದೇವರ ಥರ ನೋಡ್ಕೊತೀವಿ," ಅಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಜಾಗ ಹೋಯಿತಲ್ಲ ಅಂತ ಅಳುತ್ತಿದ್ದಾರೆ ಅಂದುಕೊಂಡು ನಾನು ನೀರಿನ ಬಾಟಲಿ ಕೊಟ್ಟೆ.

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಅತ್ತೆ ಮಡಿಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು, ಕೆಲಸಕ್ಕೆ ಮುಂಚೆ ಜರಗನಹಳ್ಳಿಗೆ ಹೋಗುತ್ತಿದ್ದರು. ಕಲ್ಲು ತೊಳೆದು, ಅರಿಸಿನ ಹಚ್ಚಿ, ಹೂವಿಟ್ಟು, ದೀಪ ಬೆಳಗಿ, ಕೊನೆಗೆ ಕಲ್ಲಿನ ಮೇಲಿನ ಕುಂಕುಮವನ್ನು ಬೆರಳಲ್ಲಿ ತೆಗೆದು ನನ್ನ ಹಣೆಗೂ ತಾಳಿಗೂ ಇಡುತ್ತಿದ್ದರು. ಕಲ್ಲಿಗೆ ನೈವೇದ್ಯ ಮಾಡಿದ ಬಾಳೆಹಣ್ಣನ್ನು ನಾನು ಬಸ್ಸಿನಲ್ಲಿ ತಿನ್ನುತ್ತಿದ್ದೆ. ಜಾಗದವರ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಮ್ಮೆ ಅತ್ತೆಗೆ ಕೂರಲು ಸ್ಟೂಲ್ ತಂದುಕೊಟ್ಟು, "ಏನ್ ಪುಣ್ಯ ಮಾಡಿದ್ಲೋ ಏನೋ, ನೀವು ಬಂದು ದೀಪ ಹಚ್ತೀರ," ಅಂದರು. ದೇವಿ ಪುಣ್ಯ ಮಾಡುವುದೇ ಎಂದು ಅತ್ತೆ ದಾರಿಯಲ್ಲಿ ನಕ್ಕರು. "ಹಳ್ಳಿಯವರ ಮಾತು ಹಾಗೆ. ದೇವರನ್ನೂ ಮನೆಯವರ ಹಾಗೆ ಮಾತಾಡ್ತಾರೆ."

ಕಟ್ಟುವ ಮೇಸ್ತ್ರಿ ಬಂದು ಟೇಪು ಹಿಡಿದ ದಿನ ತೊಡಕು ಶುರುವಾಯಿತು. ಕೆಳಗೆ ಎರಡು ಸಿಂಗಲ್ ರೂಮು, ಹಿಂದೆ ಒಂದು ಸಣ್ಣ ಪೋರ್ಷನ್, ಮೇಲೆ ಒಂದು ಸಂಸಾರ ಇರುವಂಥದ್ದು. ಇಷ್ಟು ಕೂರಿಸಿದರೆ ನೆಲದೊಳಗಿನ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಉಳಿಯುವುದು ಆ ಕಲ್ಲಿದ್ದ ಮೂಲೆ ಮಾತ್ರ. ವಾಸ್ತುವಿನ ಪ್ರಕಾರವೂ ನೀರು ಅಲ್ಲೇ ಇರಬೇಕು. ಅತ್ತೆ ಗಾಬರಿಯಾಗಲಿಲ್ಲ. ದೇವರನ್ನು ಜಾಗ ಬದಲಿಸುವ ವಿಧಾನ ಅವರಿಗೆ ಗೊತ್ತಿತ್ತು. ಪುರೋಹಿತರನ್ನು ಕರೆಸಿ, ಕಲ್ಲಿನಲ್ಲಿರುವ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿಕೊಂಡು, ಆಮೇಲೆ ಕಲ್ಲನ್ನು ಬೇರೆಡೆ ನಿಲ್ಲಿಸುವುದು. ಹಾಗೇ ಸುಮ್ಮನೆ ಮಾಡಬಾರದು, ಊರಿನವರಿಗೆ ಒಂದು ಮಾತು ಹೇಳೋಣ ಎಂದು ಆ ಶುಕ್ರವಾರ ಪೂಜೆಯಾದ ಮೇಲೆ ಜಾಗದವರನ್ನು ಕರೆದರು. ನನ್ನ ಗಂಡನೂ ಬಂದಿದ್ದರು.

"ನೋಡಿ, ಅಮ್ಮನ್ನ ಸ್ವಲ್ಪ ಮೇಲಕ್ಕೆ ಕೂರಿಸ್ತೀವಿ," ಅಂದರು ಅತ್ತೆ. "ಟೆರೇಸಲ್ಲಿ ಒಂದು ಗುಡಿ ಕಟ್ಟಿಸ್ತೀವಿ. ಗ್ರಾನೈಟ್ ಹಾಕ್ಸಿ."

"ಯಾರನ್ನ?"

"ಅಮ್ಮನ್ನ."

"ಟೆರೇಸ್ ಮೇಲಕ್ಕಾ?" ಅವರು ಮೇಲೆ ನೋಡಿದರು. ಅಲ್ಲಿ ಇನ್ನೂ ಟೆರೇಸಿರಲಿಲ್ಲ. "ಹೆಂಗಮ್ಮ ಕೂರಿಸ್ತೀರ?"

"ಶಾಸ್ತ್ರೋಕ್ತವಾಗೇ ಮಾಡ್ತೀವಪ್ಪ. ಕಲಶಕ್ಕೆ ಇಳಿಸ್ಕೊಂಡು..."

"ಮಲ್ಗಿರೋಳನ್ನ ಹೆಂಗಮ್ಮ ಎತ್ತಿ ಕೂರಿಸ್ತೀರ?"

ನಮ್ಮ ಮೂವರ ಮುಖವನ್ನು ಅವರು ಒಂದೊಂದಾಗಿ ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು. "ನೀವು ಯಾವ ಅಮ್ಮ ಅನ್ಕೊಂಡಿದ್ರಿ?"

ನನ್ನ ಗಂಡ, "ಊರಮ್ಮ ಅಲ್ವಾ?" ಅಂದರು.

"ನಮ್ ಅಮ್ಮ ಸಾರ್. ನನ್ನ ಹೆತ್ತೋಳು. ಇಲ್ಲೇ ಮಣ್ಣು ಮಾಡಿದ್ವಿ."

ಅತ್ತೆ ನನ್ನ ಹಣೆಯನ್ನು ನೋಡಿದರು. ಕುಂಕುಮ ಇನ್ನೂ ಹಸಿಯಾಗಿತ್ತು. ಒರೆಸಿಕೊ ಎಂದು ಅವರು ಹೇಳಲಿಲ್ಲ. ನಾನೂ ಒರೆಸಿಕೊಳ್ಳಲಿಲ್ಲ. ಜಾಗದವರು ನಮ್ಮ ಎದುರಿಗೇ ನಿಂತಿದ್ದರು.

ಆ ಜಾಗವೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ಅವರ ಮನೆಯ ಪದ್ಧತಿ. ಅಪ್ಪನನ್ನು ಸ್ವಲ್ಪ ಆಚೆ ಮಾಡಿದ್ದರು. ಅವರು ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು. ಗೋಡೆಯಾಚೆ ಅಪಾರ್ಟ್‌ಮೆಂಟು. "ಅಪ್ಪನ ಮೇಲೆ ಈಗ ಕಾರ್ ನಿಲ್ಲಿಸ್ತಾರೆ. ಆ ಭಾಗ ಮಾರುವಾಗ ನಾವು ಯಾರೂ ಬಾಯಿ ಬಿಡ್ಲಿಲ್ಲ. ಅಮ್ಮನ ಜಾಗ ಮಾತ್ರ ಹೇಳೇ ಮಾರ್ಬೇಕು ಅಂತ ನನ್ ತಂಗಿ ಹಠ. ನಾನು ಹೇಳಿದ್ನಲ್ಲ ಸಾರ್? ಮೊದಲ್ನೇ ದಿನಾನೇ ಹೇಳಿದ್ನಲ್ಲ?"

ಹೇಳಿದ್ದರು. ಅದನ್ನು ನಾವು ಅಲ್ಲಗಳೆಯುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ತಲೆಗೆ ಸ್ನಾನ ಮಾಡಿದರು, ನನಗೂ ಮಾಡಿಸಿದರು. ಊಟಕ್ಕೆ ಕೂರಲಿಲ್ಲ. ಸಂಜೆ ಒಂದೇ ಒಂದು ಮಾತು ಕೇಳಿದರು. "ಅವಳ ಹಣೆಯ ಕುಂಕುಮ ಅಲ್ವೇನೆ ನಾನು ನಿನಗೆ ಇಡ್ತಿದ್ದದ್ದು?" ಆ ವಾರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆಯುವಾಗ ಕೈ ಸುಮ್ಮನೆ ಹಣೆಯ ಕಡೆ ಹೋಗುತ್ತಿತ್ತು.

ಹಣ ವಾಪಸು ಕೇಳೋಣವೆಂದರೆ ಅವರು ಅದರಲ್ಲಿ ತಮ್ಮ ಮುಂದಿನ ಮನೆಯ ಮೇಲೆ ಎರಡು ಮಹಡಿ ಎತ್ತಿಬಿಟ್ಟಿದ್ದರು. ಸಿಮೆಂಟಿಗೆ ನೀರು ಹಾಕುತ್ತಿರುವುದು ನಮಗೇ ಕಾಣುತ್ತಿತ್ತು. ಉಳಿದ ದಾರಿ ಮಾರುವುದು. ಜಾಗ ತೋರಿಸಿದ್ದ ಬ್ರೋಕರ್ ನಮ್ಮ ಮಾತು ಕೇಳಿ ನಕ್ಕ.

"ಮೇಡಂ, ಬೆಂಗಳೂರಲ್ಲಿ ಯಾವ ಸೈಟ್ ಕೆಳಗೆ ಯಾರಿಲ್ಲ ಹೇಳಿ? ನೀವು ಬಾಡಿಗೆಗಿರೋ ಮನೆ ಕೆಳಗೆ ಏನಿದೆ, ನಿಮಗ್ ಗೊತ್ತಾ?"

"ತಗೊಳ್ಳೋರು ಕೇಳಿದ್ರೆ?"

"ನಿಮಗೆ ಏನು ಹೇಳಿದ್ರೋ ಅದೇ ಹೇಳಿ. ಅಮ್ಮ ಇದ್ದಾಳೆ. ಸುಳ್ಳಲ್ವಲ್ಲ?"

ಅವನು ಕರೆತಂದ ಗಂಡಹೆಂಡತಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದವರು. ಚಿಕ್ಕ ವಯಸ್ಸು. ಅವರ ಕೈಯಲ್ಲಿಯೂ ಹೆಚ್ಚೇನಿಲ್ಲವೆಂದು, ಟೇಪು ಹಿಡಿಯುವ ಮೊದಲೇ ಇಬ್ಬರೂ ಮೂರು ಸಲ ಹೇಳಿದರು. ಹುಡುಗಿ ಹೆಜ್ಜೆಯಲ್ಲಿ ಜಾಗ ಅಳೆಯುತ್ತ ಮೂಲೆಗೆ ಬಂದು ನಿಂತಳು.

"ಇದೇನ್ ಆಂಟಿ, ದೇವರಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಅಮ್ಮ ಇದ್ದಾಳೆ," ಅಂದರು. ಅವರ ದನಿಯಲ್ಲಿ ಜಾಗದವರ ದನಿಯೇ ಇತ್ತು. ಅದೇ ಎಳೆತ.

ಹುಡುಗಿ ಚಪ್ಪಲಿ ಬಿಟ್ಟಳು. ಕಣ್ಣು ಮುಚ್ಚಿ ಕೈ ಮುಗಿದಳು. ಬಗ್ಗಿ ಕುಂಕುಮದ ಕಡೆಗೆ ಬೆರಳು ಚಾಚಿದಾಗ ನಾನು ಅವಳ ಮುಂಗೈ ಹಿಡಿದುಕೊಂಡೆ. ಎಷ್ಟು ಗಟ್ಟಿಯಾಗಿ ಹಿಡಿದೆನೋ, ಅವಳು "ಆ" ಅಂದಳು.

"ಅದು ಸಮಾಧಿ ಕಣಮ್ಮ," ಅಂದೆ. "ಈ ಜಾಗ ನಮಗೆ ಮಾರಿದವರ ಅಮ್ಮನದ್ದು. ಮುಂದಿನ ಮನೆಯವರ ಅಮ್ಮ."

ಅವರು ಬೈಯಲಿಲ್ಲ. ಹುಡುಗ ಟೇಪು ಸುತ್ತಿ ಬ್ರೋಕರ್ ಕೈಗೆ ಕೊಟ್ಟ. ಗಲ್ಲಿಯಲ್ಲಿ ಅವರ ಸ್ಕೂಟರ್ ತಿರುಗುವ ತನಕ ನಾವು ನಿಂತೇ ಇದ್ದೆವು. ವಾಪಸು ಬರುವಾಗ ಆಟೋದಲ್ಲಿ ನನ್ನ ಗಂಡ ಹೊರಗೆ ನೋಡುತ್ತ ಕೂತಿದ್ದರು. ಸಾರಕ್ಕಿ ಸಿಗ್ನಲ್ಲಿನಲ್ಲಿ, "ಇನ್ನು ಆ ಜಾಗ ಹೋಗಲ್ಲ," ಅಂದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಕೆಲವು ದಿನಗಳ ಮೇಲೆ ಜಾಗದವರೇ ನಮ್ಮ ಮನೆ ಹುಡುಕಿಕೊಂಡು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು. "ಬಂದೋರಿಗೆ ಹೇಳಿ ಕಳ್ಸಿದ್ರಂತೆ. ಬ್ರೋಕರ್ ನನ್ ಹತ್ರ ಬಂದು ಬಾಯಿಗೆ ಬಂದಂಗೆ ಬೈದ." ಲೋಟ ಕೆಳಗಿಟ್ಟರು. "ತಂಗಿ ಹತ್ರ ಮಾತಾಡಿದೀನಿ. ಅಮ್ಮನ್ನ ಊರಿನ ಸ್ಮಶಾನಕ್ಕೆ ತಗೊಂಡ್ ಹೋಗ್ತೀವಿ. ಜೆಸಿಬಿ ಬೇಡ. ನಾವೇ ಅಗೀತೀವಿ."

ಅಗೆಯುವ ದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕಲ್ಲನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅಣ್ಣನೂ ತಂಗಿಯ ಗಂಡನೂ ಹಾರೆ, ಗುದ್ದಲಿ ಹಿಡಿದಿದ್ದರು. ತಂಗಿಯ ಮಡಿಲಲ್ಲಿ ಮಡಿಸಿದ ಬಿಳಿ ಬಟ್ಟೆ, ಪಕ್ಕದಲ್ಲಿ ಹೊಸ ಮಡಕೆ. ಅತ್ತೆ ಬರುವುದಿಲ್ಲ ಅಂದಿದ್ದವರು ಬಂದು ಗೇಟಿನ ಹೊರಗೆ ನಿಂತರು.

ಮೊದಲು ಬಂದದ್ದು ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕವರು, ಗಟ್ಟಿಯಾದ ಸಿಮೆಂಟು. ಅದರ ಕೆಳಗೆ ಕೆಮ್ಮಣ್ಣು. ಅಲ್ಲಿಂದ ಅವರು ಹಾರೆ ಇಟ್ಟು ಕೈಯಲ್ಲೇ ಬಗೆಯತೊಡಗಿದರು. ಪ್ರತಿ ಬೊಗಸೆಯನ್ನೂ ಬೆರಳ ಸಂದಿಯಿಂದ ಇಳಿಸಿ ನೋಡಿ ಆಚೆ ಹಾಕುತ್ತಿದ್ದರು. ತಂಗಿ ಪ್ರತಿ ಬೊಗಸೆಗೂ ಮುಂದಕ್ಕೆ ಬಾಗುತ್ತಿದ್ದರು. ಗುಂಡಿ ಅಣ್ಣನ ಎದೆಯ ಮಟ್ಟಕ್ಕೆ ಬಂದಾಗ ಅವರು ನಿಂತು, ಕಾಲಿನಲ್ಲಿ ನೆಲ ಒತ್ತಿ ನೋಡಿದರು. ಹಾರೆಯಿಂದ ಒಮ್ಮೆ ಕುಟ್ಟಿದರು. ಕಲ್ಲಿಗೆ ಬಡಿದಂಥ ಶಬ್ದ.

"ಇದು ಯಾವತ್ತೂ ಅಗೆದಿರೋ ನೆಲ ಅಲ್ಲ," ಅಂದರು.

"ಸರಿಯಾಗಿ ನೋಡಣ್ಣ."

"ನೋಡ್ತಾನೇ ಇದೀನಲ್ಲ! ಇಲ್ಲೇ ಅಲ್ವಾ ಇದ್ದಿದ್ದು?"

"ಹುಣಸೆ ಮರದಿಂದ ಈಚೆಗೆ."

"ಹುಣಸೆ ಮರ ಎಲ್ಲಿತ್ತು?"

ತಂಗಿ ಎದ್ದು ನಿಂತರು. ಒಂದು ಕಡೆ ಅಪಾರ್ಟ್‌ಮೆಂಟಿನ ಗೋಡೆ, ಒಂದು ಕಡೆ ಪಕ್ಕದ ಮನೆಯ ಕಾಂಪೌಂಡು, ಮುಂದೆ ಅಣ್ಣನ ಹೊಸ ಮಹಡಿಗಳು. ಅವರು ಕೈ ಎತ್ತಿ ಒಂದು ಕಡೆ ತೋರಿಸಲು ಹೋಗಿ, ಅರ್ಧಕ್ಕೇ ನಿಲ್ಲಿಸಿದರು.

"ನಂಗೇನ್ ಗೊತ್ತು? ನಾನು ಆವಾಗ ಗಂಡನ ಮನೇಲಿದ್ದೆ. ಹೊತ್ತೋನು ನೀನು. ನಿಂಗೇ ಗೊತ್ತಿಲ್ವಾ?"

"ಕಲ್ಲಿತ್ತಲ್ಲ ಅಂತ ನಾನು..." ಅವರ ಮಾತು ಅಲ್ಲಿಗೇ ನಿಂತಿತು. ಕಲ್ಲಿನ ಕಡೆ ನೋಡಿದರು. ಪಕ್ಕದವರು ಕಾಂಪೌಂಡು ಕಟ್ಟುವಾಗ ಕಲ್ಲು ಎಲ್ಲೋ ಒಂದು ಕಡೆ ಬಿದ್ದಿತ್ತಂತೆ. ಗಾರೆಯವರಿಗೆ ಹೇಳಿದ್ದಕ್ಕೆ ಎತ್ತಿ ನೆಟ್ಟುಕೊಟ್ಟಿದ್ದರು. ಎಲ್ಲಿತ್ತೋ ಅಲ್ಲೇ ನೆಟ್ಟರೆಂದು ಮನೆಯವರೆಲ್ಲ ನಂಬಿ, ವರ್ಷಾವರ್ಷ ಅಲ್ಲೇ ಎಡೆ ಇಟ್ಟಿದ್ದರು. ನಾವು ದೀಪ ಹಚ್ಚಿದ್ದೂ ಅಲ್ಲೇ.

ಇನ್ನೊಂದೆರಡು ಕಡೆ ಅಗೆದರು. ಮಧ್ಯದಲ್ಲಿ ಒಂದು, ಗೋಡೆಯ ಬುಡದಲ್ಲಿ ಒಂದು. ಮಧ್ಯಾಹ್ನದ ಹೊತ್ತಿಗೆ ತಂಗಿ ಬಿಳಿ ಬಟ್ಟೆಯನ್ನು ಮಡಿಸಿದ್ದು ಬಿಚ್ಚದ ಹಾಗೆ ಮಡಕೆಯೊಳಗಿಟ್ಟರು. ನನ್ನ ಹತ್ತಿರ ಬಂದು, ಮಣ್ಣಾಗಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು ಹೇಳಿದರು. "ಕಟ್ಕೊಳಿ ಅಕ್ಕ. ಒಳಗಡೆ ಎಲ್ಲಾದ್ರೂ ಇದ್ರೆ ಮಳೆ ಬೀಳಲ್ಲ ಅವಳ ಮೇಲೆ."

ಮೂಲೆಯ ಆ ಮೊದಲ ಗುಂಡಿಯೇ ನೀರಿನ ಸಂಪು ಆಯಿತು. ಪಾಯದ ಗುಂಡಿಗಳನ್ನು ತೋಡುವಾಗ ನಾನು ಕ್ಲಿನಿಕ್ಕಿಗೆ ರಜೆ ಹಾಕಿ ಪ್ರತಿಯೊಂದರ ಬಾಯಲ್ಲೂ ನಿಂತು ನೋಡಿದೆ. ಮೇಸ್ತ್ರಿ, "ಮೇಡಂಗೆ ನಮ್ಮೇಲೆ ನಂಬಿಕೆ ಇಲ್ಲ," ಅಂತ ತಮಾಷೆ ಮಾಡಿದರು. ಯಾವ ಗುಂಡಿಯಲ್ಲೂ ಏನೂ ಬರಲಿಲ್ಲ. ಬಂದಿದ್ದರೆ ಒಂದು ಕಡೆ ಬಂತು, ಮುಗಿಯಿತು ಅನ್ನಬಹುದಿತ್ತು. ಸಿಗದಿದ್ದ ಮೇಲೆ, ಬಿಟ್ಟು ಕಟ್ಟಲು ಮೂಲೆಯೂ ಉಳಿಯಲಿಲ್ಲ. ಕಂಬ ಎದ್ದಿತು, ಗೋಡೆ ಎದ್ದಿತು, ಟೈಲ್ಸ್ ಹಾಕಿದರು.

ಮೇಲಿನದಕ್ಕೂ ಮುಂದಿನ ಎರಡು ರೂಮಿಗೂ ಜನ ಬಂದರು. ಬನಶಂಕರಿಯ ಬಾಡಿಗೆ ಕಟ್ಟುತ್ತ ಇದನ್ನೂ ತೂಗಿಸುವುದು ಆಗದೆ ಹಿಂದಿನ ಪೋರ್ಷನ್ನಿಗೆ ನಾವೇ ಬಂದೆವು. ಬಂದ ಮೊದಲ ವಾರ ಮಂಚ ಎಲ್ಲಿ ಹಾಕುವುದೆಂದು ನನ್ನ ಗಂಡ ಕೇಳಿದರು. ಒಂದು ಗೋಡೆಗೆ ಹಾಕಿದೆವು, ಆಮೇಲೆ ಇನ್ನೊಂದಕ್ಕೆ. ಈಗಲೂ ಬರಿಗಾಲಲ್ಲಿ ಅಡುಗೆಮನೆಗೆ ಹೋಗುವಾಗ ಟೈಲ್ಸು ಒಂದು ಕಡೆ ಉಳಿದ ಕಡೆಗಿಂತ ತಣ್ಣಗಿದೆ ಅನ್ನಿಸುತ್ತದೆ. ಎಲ್ಲಿ ಅಂತ ನೋಡಲು ಹಿಂದಕ್ಕೆ ಬಂದು ಕಾಲಿಟ್ಟರೆ ಎಲ್ಲ ಒಂದೇ ಥರ ಇರುತ್ತದೆ. ಅತ್ತೆ ಸಂಪಿನ ನೀರನ್ನು ಕುಡಿಯುವ ಮೊದಲು ಲೋಟವನ್ನು ಒಂದು ಗಳಿಗೆ ಹಿಡಿದುಕೊಂಡಿರುತ್ತಾರೆ.

ಬಾಡಿಗೆಯವರಿಗೆ ಹೇಳುವುದು ಬೇಡವೆಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಗಲ್ಲಿಯಲ್ಲಿ ಒಬ್ಬರು ಖಾಲಿ ಮಾಡಿದರೆ ಮಾತು ಹಬ್ಬುತ್ತದೆ. ಮಾತು ಹಬ್ಬಿದರೆ ರೂಮು ತುಂಬುವುದಿಲ್ಲ. ಆ ರೂಮುಗಳಲ್ಲದೆ ನಮಗೆ ಬೇರೆ ಏನೂ ಇಲ್ಲ.

ಈ ಸಲದ ಮಹಾಲಯ ಅಮಾವಾಸ್ಯೆಗೆ ತಂಗಿ ಬಂದರು. ಬಾಳೆಲೆ, ಡಬ್ಬಿಗಳು, ಒಂದು ಹೊಸ ಸೀರೆ. ಬಾಗಿಲಲ್ಲೇ ನಿಂತು, "ನಿಮ್ಮನೆ ಅಂತ ಕೋಳಿ ಮಾಡ್ಲಿಲ್ಲ ಅಕ್ಕ. ಮುದ್ದೆ, ಹೆಸರುಕಾಳು ಸಾರು. ಅಮ್ಮ ಬೈಕೊಂಡೇ ತಿಂತಾಳೆ," ಎಂದು ನಕ್ಕರು. ಆಮೇಲೆ ಒಳಗೆ ಕಣ್ಣಾಡಿಸಿ ಕೇಳಿದರು. "ಎಡೆ ಎಲ್ಲಿಡ್ಲಿ?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಎದ್ದು, ನನ್ನ ಗಂಡನಿಗೆ ಹೇಳಿ, ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ನಡುಮನೆಯನ್ನು ತಾವೇ ಒರೆಸಿದರು. ತಂಗಿ ಅಲ್ಲಿ ಎಲೆ ಹಾಸಿ ಬಡಿಸಿದರು, ಸೀರೆ ಇಟ್ಟರು, ಎಲೆಯಡಿಕೆಯ ಜೊತೆ ಒಂದು ಚಿಟಿಕೆ ಹೊಗೆಸೊಪ್ಪು. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಬಂದ ಹಿರಿಯರು, ಯಾರೂ ನೋಡದ ಹಾಗೆ ಉಣ್ಣಲಿ ಅಂತ. ನಾವು ನಾಲ್ವರೂ ಹೊರಗೆ ಬಂದೆವು. ತಂಗಿ ಬಾಗಿಲು ಎಳೆದುಕೊಂಡರು.

ಮುಂದಿನ ರೂಮಿನ ಹುಡುಗಿ ಬಕೆಟ್ ಹಿಡಿದು ಬಂದಳು. ಮಂಡ್ಯ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. "ಆಂಟಿ, ನಲ್ಲೀಲಿ ನೀರು ಬರ್ತಿಲ್ಲ. ಮೋಟರ್ ಹಾಕ್ತೀರಾ?"

ಮೋಟರಿನ ಸ್ವಿಚ್ಚು ಒಳಗಿತ್ತು. "ಸ್ವಲ್ಪ ಇರಮ್ಮ. ಒಳಗೆ ಎಡೆ ಇಟ್ಟಿದೀವಿ."

"ಓ, ನಿಮ್ಮಲ್ಲೂ ಇಡ್ತೀರಾ? ಯಾರಿಗೆ ಆಂಟಿ?"

ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ತಂಗಿಯನ್ನು ತೋರಿಸಿದೆ.

"ಇವರ ಅಮ್ಮನಿಗೆ. ಅವರನ್ನ ಈ ಜಾಗದಲ್ಲೇ ಮಣ್ಣು ಮಾಡಿದ್ದು. ಎಲ್ಲಿ ಅಂತ ಗೊತ್ತಿಲ್ಲ."

ಹುಡುಗಿ ಬಕೆಟ್ ಕೆಳಗಿಡಲು ಹೋದವಳು ಇಡಲಿಲ್ಲ. ತನ್ನ ಕಾಲಿನ ಕಡೆ ನೋಡಿದಳು, ತನ್ನ ರೂಮಿನ ಬಾಗಿಲ ಕಡೆ ನೋಡಿದಳು. "ಸರಿ ಆಂಟಿ, ಆಮೇಲೆ ಹಾಕಿ," ಎಂದು ಖಾಲಿ ಬಕೆಟ್ ಎತ್ತಿಕೊಂಡು ಹೋದಳು. ಅವಳ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು.

ಸ್ವಲ್ಪ ಹೊತ್ತಾದ ಮೇಲೆ ತಂಗಿ ಗಂಟಲು ಸರಿಮಾಡಿಕೊಂಡರು. ಒಳಗಿನವರಿಗೆ ತಿಳಿಯಲಿ ಅನ್ನುವ ಹಾಗೆ. "ಆಯ್ತು ಅನ್ಸುತ್ತೆ. ತೆಗೀರಿ ಅಕ್ಕ. ನಿಮ್ಮನೆ, ನೀವೇ ತೆಗೀರಿ."

ನಾನು ಚಿಲಕದ ಮೇಲೆ ಕೈ ಇಟ್ಟೆ. ಒಳಗೆ ಫ್ಯಾನು ತಿರುಗುತ್ತಿರುವುದು ಕೇಳಿಸುತ್ತಿತ್ತು. ಹೊರಗೆ ಬರುವಾಗ ಅದನ್ನು ಆರಿಸಿದೆವೋ ಇಲ್ಲವೋ ನನಗೆ ನೆನಪಾಗಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ," ಅಂದೆ. "ನಿಧಾನಕ್ಕೆ ಉಣ್ಲಿ."